ನಾಲ್ಕನೆಯ ಮೀನು

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಮೆ. ಒಂದು ಕೊಳ, ಅದರಲ್ಲಿ ಮೂರು ಮೀನುಗಳು. ಬರಲಿರುವುದನ್ನು ಮೊದಲೇ ಕಂಡು ಏರ್ಪಾಡು ಮಾಡಿಕೊಳ್ಳುವುದು ಅನಾಗತವಿಧಾತೃ. ಕಷ್ಟ ಬಂದಾಗ ಬುದ್ಧಿ ಓಡಿಸುವುದು ಪ್ರತ್ಯುತ್ಪನ್ನಮತಿ. ಆಗುವುದು ಆಗಲಿ ಎಂದು ಕುಳಿತಿರುವುದು ಯದ್ಭವಿಷ್ಯ. ನಾಳೆ ಇಲ್ಲಿ ಬಲೆ ಬೀಸೋಣವೆಂದು ಬೆಸ್ತರು ದಡದಲ್ಲಿ ಆಡಿಕೊಂಡ ಮಾತು ಮೂರಕ್ಕೂ ಕೇಳಿಸುತ್ತದೆ. ಮೊದಲನೆಯದು ಆ ರಾತ್ರಿಯೇ ಬೇರೆ ನೀರಿಗೆ ಹೊರಟುಹೋಗುತ್ತದೆ. ಎರಡನೆಯದು ಬಲೆಗೆ ಸಿಕ್ಕಿ, ಸತ್ತಂತೆ ನಟಿಸಿ ಪಾರಾಗುತ್ತದೆ. ಮೂರನೆಯದು ಸಾಯುತ್ತದೆ. ಹೇಳುವವರಿಂದ ಹೇಳುವವರಿಗೆ ವಿವರ ಕೊಂಚ ಬದಲಾದರೂ ನೀತಿ ಬದಲಾಗುವುದಿಲ್ಲ.

ಉಪಾಧ್ಯಾಯನಾಗಿದ್ದ ಮೂವತ್ತು ವರ್ಷಗಳಲ್ಲಿ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಮುಗಿಸಿದ ಮೇಲೆ, "ನೀವು ಯಾವ ಮೀನಾಗುತ್ತೀರಿ?" ಎಂದು ಹುಡುಗರನ್ನು ಕೇಳುವುದು ನನ್ನ ಪದ್ಧತಿ. ಜಾಣರೆಲ್ಲ ಮೊದಲನೆಯದಾಗುತ್ತಿದ್ದರು, ತುಂಟರು ಎರಡನೆಯದು. ಮೂರನೆಯದಾಗಲು ಒಬ್ಬನೂ ಒಪ್ಪುತ್ತಿರಲಿಲ್ಲ. ಪಾಠ ಚೆನ್ನಾಗಿ ನಾಟಿತೆಂದು ನನಗೆ ಸಮಾಧಾನ. ಈ ಕಥೆಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂಬ ಅನುಮಾನ ನನಗೆ ಬಂದದ್ದು ನಿವೃತ್ತನಾದ ಮೇಲೆ, ೨೦೧೯ನೆಯ ಇಸವಿಯ ಮೇ ತಿಂಗಳಲ್ಲಿ, ನಾನೇ ಕೊಳದ ಮೀನಾಗಬೇಕಾಗಿ ಬಂದಾಗ.

ನನ್ನ ಮಗಳೂ ಅಳಿಯನೂ ಆಗ ಭುವನೇಶ್ವರದಲ್ಲಿದ್ದರು. ಬೇಸಗೆಗೆಂದು ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಏಪ್ರಿಲ್ ಕೊನೆಯ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದಿತು. ಅದಕ್ಕೆ ಬಾಂಗ್ಲಾದೇಶದವರು ಸೂಚಿಸಿದ್ದ ಹೆಸರು ಫಣಿ. ವಿಚಿತ್ರವೆಂದರೆ, ಇಂಗ್ಲಿಷಿನ ಸೈಕ್ಲೋನ್ ಎಂಬ ಮಾತು ಕೂಡ ಹಾವಿನಿಂದಲೇ ಬಂದದ್ದು. ಸುರುಳಿ ಸುತ್ತಿದ ಸರ್ಪವೆಂಬ ಅರ್ಥದ ಗ್ರೀಕ್ ಪದದಿಂದ ಅದನ್ನು ಟಂಕಿಸಿದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಅಂತೂ ಹೆಡೆ ಎತ್ತಿದ ಹಾವು ಒಡಿಶಾದ ಕಡೆಗೆ ತಿರುಗಿತೆಂದು ನಾಲ್ಕಾರು ದಿನ ಮೊದಲೇ ಸುದ್ದಿ ಬಂತು. ಬೆಸ್ತರು ದಡದಲ್ಲಿ ನಿಂತು ಆಡಿದ ಮಾತು ಇಡೀ ಊರಿಗೆ ಕೇಳಿಸಿತು.

ನನ್ನ ಅಳಿಯ ಸಾಕ್ಷಾತ್ ಅನಾಗತವಿಧಾತೃ. ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ. ಕುಡಿಯುವ ನೀರು, ತಲೆಗೆ ಇಷ್ಟರಂತೆ. ಬಚ್ಚಲ ತೊಟ್ಟಿ, ಬಕೀಟು, ಕೊಳಗ, ಎಲ್ಲ ತುಂಬಿಸುವುದು. ವಿದ್ಯುತ್ತು ಹೋದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಮೇಲಿನ ಟ್ಯಾಂಕಿಗೆ ನೀರಿಲ್ಲ. ಟಾರ್ಚು, ಸೆಲ್ಲು, ಮೇಣದ ಬತ್ತಿ, ಬೆಂಕಿಪೊಟ್ಟಣ. ನನ್ನ ರಕ್ತದೊತ್ತಡದ ಮಾತ್ರೆ ಹದಿನೈದು ದಿನಕ್ಕಾಗುವಷ್ಟು. ಮನೆಪತ್ರ, ಪಾಸ್‌ಬುಕ್ಕು, ಮಕ್ಕಳ ಸರ್ಟಿಫಿಕೇಟು, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡುವುದು. ಬೇಯಿಸದೆ ತಿನ್ನಬಹುದಾದ ಆಹಾರ. ಬಾಲ್ಕನಿಯ ಹೂಕುಂಡಗಳನ್ನು ಒಳಗೆ ತರುವುದು, ಏಕೆಂದರೆ ಅಂಥ ಗಾಳಿಯಲ್ಲಿ ಹೂಕುಂಡ ಫಿರಂಗಿಯ ಗುಂಡಾಗುತ್ತದೆ. ಗಾಳಿ ನಿಂತಿತೆಂದು ಕೂಡಲೇ ಹೊರಗೆ ಹೋಗಬಾರದು ಎಂಬುದು ಕೊನೆಯ ಸಾಲು. ಚಂಡಮಾರುತದ ನಡುವೆ ಒಂದು ಕಣ್ಣಿರುತ್ತದೆ. ಅದು ತಲೆಯ ಮೇಲೆ ಹಾಯುವಾಗ ಎಲ್ಲ ಶಾಂತ. ಕಣ್ಣು ದಾಟಿದೊಡನೆ ಗಾಳಿ ಎದುರು ದಿಕ್ಕಿನಿಂದ ಬಂದು ಹೊಡೆಯುತ್ತದೆ; ನೋಡಲೆಂದು ಹೊರಬಂದವರು ಸಿಕ್ಕಿಬೀಳುತ್ತಾರೆ.

ಪಟ್ಟಿಯನ್ನು ನೋಡಿ ಮೊದಲು ನನಗೆ ನಗು ಬಂತು. "ಇದೇನಪ್ಪ, ಮದುವೆಮನೆಯ ಸಾಮಾನಿನ ಪಟ್ಟಿಯ ಹಾಗಿದೆಯಲ್ಲ" ಎಂದೆ. ಹಣೆಯಲ್ಲಿ ಬರೆದದ್ದನ್ನು ಮೇಣದ ಬತ್ತಿಯಿಂದ ತಪ್ಪಿಸುವುದುಂಟೆ ಎಂಬ ಹಳೆಯ ಮಾತೊಂದು ನಾಲಗೆಯ ತುದಿಯಲ್ಲಿತ್ತು. ಆಡದೆ ಬಿಟ್ಟದ್ದು ಒಳ್ಳೆಯದಾಯಿತು. ಏಕೆಂದರೆ ಆ ಮಾತಿಗೆ ಒಡಿಶಾದಲ್ಲಿ ಉತ್ತರವಿದೆ, ಮತ್ತು ಆ ಉತ್ತರ ಅಂಕಿಗಳಲ್ಲಿದೆ.

೧೯೯೯ರ ಅಕ್ಟೋಬರ್ ೨೯ರಂದು ಪಾರಾದೀಪದ ಹತ್ತಿರ ದಡ ಮುಟ್ಟಿದ ಮಹಾ ಚಂಡಮಾರುತದಲ್ಲಿ, ಸರಕಾರದ ಲೆಕ್ಕದ ಪ್ರಕಾರವೇ, ಹತ್ತು ಸಾವಿರದ ಹತ್ತಿರ ಹತ್ತಿರ ಜನ ಸತ್ತರು. ಗಂಟೆಗೆ ೨೬೦ ಕಿಲೋಮೀಟರಿನ ಗಾಳಿ. ಅದರ ಹಿಂದೆ ಗೋಡೆಯಂತೆ ಎದ್ದು ಬಂದ ಕಡಲು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದಲ್ಲಿ ಹಳ್ಳಿಗೆ ಹಳ್ಳಿಯೇ ಕೊಚ್ಚಿಹೋಯಿತು. ಹದಿನಾಲ್ಕು ವರ್ಷಗಳ ಮೇಲೆ, ೨೦೧೩ರ ಅಕ್ಟೋಬರ್ ೧೨ರಂದು, ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಎಂಬುದು ಬಂತು. ಅದೂ ಸಾಮಾನ್ಯದ್ದಲ್ಲ, ಇನ್ನೂರು ಕಿಲೋಮೀಟರು ಮೀರಿದ ಗಾಳಿ. ಆದರೆ ಸತ್ತವರು ಐವತ್ತರೊಳಗೆ. ನಡುವೆ ಏನಾಗಿತ್ತು? ಸಮುದ್ರ ಮೆತ್ತಗಾಗಿರಲಿಲ್ಲ, ಒಡಿಶಾದವರ ಜಾತಕ ಬದಲಾಗಿರಲಿಲ್ಲ. ಕಂಬಗಳ ಮೇಲೆ ಎತ್ತರವಾಗಿ ಕಟ್ಟಿದ ಆಶ್ರಯಮಂದಿರಗಳು ಎದ್ದಿದ್ದವು. ವಿಪತ್ತಿಗೆಂದೇ ಒಂದು ಸಂಸ್ಥೆ ಹುಟ್ಟಿತ್ತು. ಹಳ್ಳಿಯ ಹುಡುಗರು ಮನೆಮನೆಗೆ ಹೋಗಿ ಮುದುಕರನ್ನು ಎಬ್ಬಿಸಿಕೊಂಡು ಬರುವುದನ್ನು ಕಲಿತಿದ್ದರು. ಗಾಳಿ ಬರುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದ್ದರು. ಗಾಳಿ ದೈವದ್ದೇ ಇರಬಹುದು. ಸಾವಿನ ಲೆಕ್ಕ ಬಹುಮಟ್ಟಿಗೆ ಮನುಷ್ಯರದು ಎಂದು ಈ ಎರಡು ಇಸವಿಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿದ ಯಾರಿಗೂ ತಿಳಿಯುತ್ತದೆ.

ಆದ್ದರಿಂದ ಮುಂದಾಲೋಚನೆಯನ್ನು ಹೇಡಿತನವೆಂದು ನಗುವವರ ಪಕ್ಷ ನನ್ನದಲ್ಲ. ಮೇಲೆ ಹೇಳಿದ ಪಿಡಿಂಗ್ಟನ್‌ನ ಕಥೆಯನ್ನೇ ನೋಡಿ. ಬಂಗಾಳದ ಮಾತಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಕೆಂದು ಕಂಪೆನಿ ಸರಕಾರ ಯೋಚಿಸುತ್ತಿತ್ತು. ಅಲ್ಲಿ ಕಟ್ಟಬೇಡಿ, ಒಂದು ದಿನ ಚಂಡಮಾರುತದ ಅಲೆ ಎಲ್ಲವನ್ನೂ ಮುಳುಗಿಸೀತು ಎಂದು ೧೮೫೩ರಲ್ಲಿ ಅವನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಅವನ ಮಾತು ನಡೆಯಲಿಲ್ಲ. ಪೋರ್ಟ್ ಕ್ಯಾನಿಂಗ್ ಎಂಬ ಊರು ಎದ್ದಿತು. ೧೮೫೮ರಲ್ಲಿ ಅವನು ತೀರಿಕೊಂಡ. ೧೮೬೭ರಲ್ಲಿ ಚಂಡಮಾರುತ ಬಂದು ಆ ಬಂದರನ್ನು ಹಾಳುಮಾಡಿತು. ಅದಕ್ಕೂ ಮೂರು ವರ್ಷ ಮುಂಚೆ, ೧೮೬೪ರ ಅಕ್ಟೋಬರಿನಲ್ಲಿ, ಕಲ್ಕತ್ತೆಗೆ ಬಡಿದ ಗಾಳಿ ಸುಮಾರು ಅರವತ್ತು ಸಾವಿರ ಜನರನ್ನು ಕೊಂದಿತ್ತು. ಆ ಹೊಡೆತವೂ ಅನಂತರ ಬಂದ ಕ್ಷಾಮಗಳೂ ಸೇರಿ ೧೮೭೫ರಲ್ಲಿ ಈ ದೇಶಕ್ಕೆ ಒಂದು ಹವಾಮಾನ ಇಲಾಖೆಯನ್ನು ತಂದವು. ಮುಂಗಂಡು ಹೇಳಿದವನಿಗೆ ಸಿಕ್ಕುವ ಮರ್ಯಾದೆ ಇಷ್ಟೆ: ಅವನ ಮಾತು ಕೇಳದಿದ್ದರೆ ಅನಾಹುತ, ಕೇಳಿದರೆ ಅನಾಹುತವಾಗುವುದಿಲ್ಲ, ಆಗ "ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದ" ಎಂಬ ಮಾತು.

ಇಲ್ಲಿಗೆ ಕಥೆಯ ನೀತಿ ಭದ್ರವಾಗಿಯೇ ಇದೆ. ತೊಡಕು ಶುರುವಾದದ್ದು ಅಂಗಡಿಯಲ್ಲಿ.

ಬುಧವಾರ ಸಂಜೆ ಅಳಿಯನೊಡನೆ ಮೇಣದ ಬತ್ತಿ ತರಲು ಹೋದೆ. ಅಂಗಡಿಯ ಮುಂದೆ ನೂಕುನುಗ್ಗಲು. ಬ್ರೆಡ್ಡು ಮಧ್ಯಾಹ್ನವೇ ಮುಗಿದಿತ್ತು. ನಮ್ಮ ಸರದಿ ಬಂದಾಗ ಎರಡು ಡಜನ್ ಬತ್ತಿ ಉಳಿದಿದ್ದವು. ಎರಡು ಡಜನ್ನನ್ನೂ ಕೊಂಡೆವು. ಹಿಂದೆ ನಿಂತಿದ್ದವನು ಗಾರೆ ಕೆಲಸದವನಿರಬೇಕು, ಕಾಲಿಗೆ ಇನ್ನೂ ಸಿಮೆಂಟು ಮೆತ್ತಿತ್ತು. ಎರಡು ಬತ್ತಿ ಕೇಳಿದ. ಅಂಗಡಿಯವನು ಕೈ ತಿರುಗಿಸಿ ತೋರಿಸಿದ. ನಮ್ಮ ಕೈಚೀಲದಲ್ಲಿ ಇಪ್ಪತ್ತನಾಲ್ಕು ಇದ್ದವು. ನಾವು ಕೊಡಲಿಲ್ಲ. ಕೊಡಬಾರದೆಂದು ನಿಶ್ಚಯಿಸಿ ಕೊಡದೆ ಇದ್ದದ್ದೂ ಅಲ್ಲ. ಕೊಡಬಹುದೆಂದು ಹೊಳೆಯುವುದರೊಳಗೆ ನಾವು ಮೆಟ್ಟಿಲು ಇಳಿದಾಗಿತ್ತು. ಮುಂದಿನ ಮಾತನ್ನು ಈಗಲೇ ಹೇಳಿಬಿಡುತ್ತೇನೆ: ಎಂಟು ದಿನದ ಕತ್ತಲೆಯಲ್ಲಿ ನಮಗೆ ಖರ್ಚಾದದ್ದು ಏಳು ಬತ್ತಿ.

ಸಿದ್ಧತೆಗೂ ಬಾಚುವಿಕೆಗೂ ಗೆರೆ ಎಲ್ಲಿದೆ? ಆ ಮೇಲೆ ಇದನ್ನು ಬಹಳ ಯೋಚಿಸಿದ್ದೇನೆ. ಒಂದು ಉತ್ತರ ನನಗೆ ತೋರಿದೆ: ಗೆರೆ ಇರುವುದು ದಿನಾಂಕದಲ್ಲಿ. ಚೈತ್ರದಲ್ಲಿ ಯಾವ ಗಾಳಿಯ ಸುದ್ದಿಯೂ ಇಲ್ಲದಿರುವಾಗ ಎರಡು ಡಜನ್ ಬತ್ತಿ ಕೊಂಡಿಟ್ಟರೆ ಯಾರಿಗೂ ನಷ್ಟವಿಲ್ಲ. ಅಂಗಡಿಯವನು ಇನ್ನೊಂದು ಪೆಟ್ಟಿಗೆ ತರಿಸುತ್ತಾನೆ. ಕಷ್ಟದ ದಿನ ಆ ಸಾಲಿನಲ್ಲಿ ನಾನು ನಿಲ್ಲುವುದೇ ಇಲ್ಲವಾದ್ದರಿಂದ ಹಿಂದಿನವನಿಗೆ ಬತ್ತಿ ಸಿಕ್ಕುತ್ತದೆ. ಮೊದಲೇ ಮಾಡಿದ ಸಿದ್ಧತೆ ನೆರೆಯವನಿಗೆ ಕಾಣದಂತೆ ಮಾಡಿದ ಉಪಕಾರ. ಅದೇ ಬತ್ತಿಯನ್ನು ಕೊನೆಯ ಸಂಜೆ ಅಂಗಡಿ ಬರಿದಾಗುವಂತೆ ಕೊಂಡರೆ ಅದು ಇನ್ನೊಬ್ಬನ ಬೆಳಕನ್ನು ಎತ್ತಿಕೊಂಡು ಬಂದಂತೆ. ಕೊಟ್ಟ ದುಡ್ಡು ಒಂದೇ, ತಂದ ಪದಾರ್ಥ ಒಂದೇ. ನಡುವೆ ಧರ್ಮಕ್ಕೂ ಅಧರ್ಮಕ್ಕೂ ಇರುವಷ್ಟು ಅಂತರ. ಮತ್ತೆ, ಮೊದಲೇ ಕೊಂಡಿಡುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ದಿನಗೂಲಿಯವನಿಗೆ ನಾಳೆಯ ಬತ್ತಿಯ ದುಡ್ಡು ನಾಳೆಯೇ ಬರುವುದು. ತಿಂಗಳ ಸಂಬಳದವನು, ಪಿಂಚಣಿಯವನು, ಅಂದರೆ ನಾನು ಮತ್ತು ಈ ಪುಟವನ್ನು ಓದುತ್ತಿರುವ ನೀವು, ಮೊದಲೇ ಕೊಳ್ಳಬಲ್ಲವರು. ಬಲ್ಲವರಾದ್ದರಿಂದ ಅದು ನಮಗೆ ಬರಿಯ ಜಾಣತನವಲ್ಲ, ಕರ್ತವ್ಯ.

ಇದು ಸಣ್ಣ ತೊಡಕು. ದೊಡ್ಡದು ಮನೆಯೊಳಗೇ ಇತ್ತು.

ಮಗಳ ಮನೆಗೆ ಪಾತ್ರೆ ತೊಳೆಯಲು, ಗುಡಿಸಿ ಒರೆಸಲು ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತರ ಮೇಲಿನವಳು. ಮನೆಯವರೆಲ್ಲ ಅವಳನ್ನು ಮೌಸಿ ಎನ್ನುತ್ತಿದ್ದರು. ಒಡಿಯಾ ಭಾಷೆಯಲ್ಲಿ ಹಾಗೆಂದರೆ ತಾಯಿಯ ಅಕ್ಕತಂಗಿ, ನಮ್ಮ ದೊಡ್ಡಮ್ಮ ಚಿಕ್ಕಮ್ಮ. ಅವಳು ನನ್ನನ್ನು ಮೌಸಾ ಎಂದು ಕರೆದಳು. ನಾನು ಅವಳಿಗಿಂತ ಹಿರಿಯನಾದರೂ ಸಂತೋಷಪಟ್ಟೆ. ಹೀಗೆ ಮಾತಿನಲ್ಲಿ ನಾವೆಲ್ಲ ಒಂದೇ ಮನೆಯವರು.

ಗುರುವಾರ, ಗಾಳಿಯ ಹಿಂದಿನ ದಿನ, ಅವಳು ಸಂಜೆಯವರೆಗೂ ಇದ್ದಳು. ಬಾಲ್ಕನಿಯ ಕುಂಡಗಳನ್ನು ಒಳಗೆ ತಂದವಳು ಅವಳು. ತೊಟ್ಟಿಗೆ ನೀರು ತುಂಬಿಸಿದವಳು ಅವಳು. ಕಿಟಕಿಯ ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದವಳೂ ಅವಳೇ. ಪಟ್ಟಿಯಲ್ಲಿದ್ದ ಹದಿನಾಲ್ಕು ಸಾಲುಗಳಲ್ಲಿ ಆರನ್ನೋ ಏಳನ್ನೋ ಅವಳ ಕೈ ಮುಗಿಸಿತ್ತು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ತೇನೆ ದೀದಿ" ಎಂದು ಮಗಳಿಗೆ ಹೇಳಿ ಮೆಟ್ಟಿಲು ಇಳಿದು ಹೋದಳು. ಮಗಳು ಒಂದು ಪೊಟ್ಟಣ ಅವಲಕ್ಕಿ, ಸ್ವಲ್ಪ ಬೆಲ್ಲ ಕೊಟ್ಟಳು. ನಮ್ಮ ಹಾಗೆ ಅಲ್ಲಿಯೂ ಅವಲಕ್ಕಿ ಬೆಲ್ಲವೇ ಕಷ್ಟಕಾಲದ ಊಟ. ಕೊಟ್ಟೆವಲ್ಲ ಎಂದು ನಮಗೆಲ್ಲ ತೃಪ್ತಿಯಾಯಿತು. ಬಾಗಿಲು ಹಾಕಿಕೊಂಡೆವು.

ಮರುದಿನ ಶುಕ್ರವಾರ, ಮೇ ೩. ಬೆಳಗ್ಗೆ ಎಂಟರ ಮೇಲೆ ಪುರಿಯ ಬಳಿ ದಡ ಮುಟ್ಟಿದ ಗಾಳಿ ಭುವನೇಶ್ವರಕ್ಕೆ ಬರಲು ತಡವಾಗಲಿಲ್ಲ. ಆ ಸದ್ದನ್ನು ವರ್ಣಿಸಲು ನಾನು ಪ್ರಯತ್ನಿಸುವುದಿಲ್ಲ. ರೈಲು ಮನೆಯ ಸುತ್ತ ಗಂಟೆಗಟ್ಟಲೆ ಓಡುತ್ತಿತ್ತು ಎಂದರೆ ಸಾಕು. ಎದುರುಗಡೆಯ ದೊಡ್ಡ ಮರ ಬುಡಸಹಿತ ವಾಲಿ, ನಿಧಾನವಾಗಿ, ಮುದುಕರು ಕುಳಿತುಕೊಳ್ಳುವ ಹಾಗೆ ನೆಲಕ್ಕೆ ಕುಳಿತಿತು. ವಿದ್ಯುತ್ತು ಹೋಯಿತು; ಸ್ವಲ್ಪ ಹೊತ್ತಿಗೆ ಟೆಲಿಫೋನು ಹೋಯಿತು. ಬಂದರುಗಳಲ್ಲಿ ಹಡಗಿನವರಿಗೆ ತೋರಿಸುವ ಅಪಾಯದ ಸಂಕೇತಗಳು ಹನ್ನೊಂದು. ಹತ್ತನೆಯದು ಬಂದರಿನ ಮೇಲೆಯೇ ಚಂಡಮಾರುತ ಬರುತ್ತಿದೆ ಎಂಬ ಮಹಾ ಅಪಾಯದ ಸೂಚನೆ. ಹನ್ನೊಂದನೆಯದು ಇನ್ನೂ ಭಯಂಕರ: ಹವಾಮಾನ ಕೇಂದ್ರದೊಡನೆ ಸಂಪರ್ಕವೇ ಕಡಿದಿದೆ, ಇನ್ನು ಸುದ್ದಿ ಬರುವುದಿಲ್ಲ, ಆದರೆ ಅಪಾಯವಿದೆ. ಅಂದು ಹತ್ತು ಗಂಟೆಯಿಂದ ನಾವು ಹನ್ನೊಂದನೆಯ ಸಂಕೇತದಲ್ಲಿದ್ದೆವು.

ಆಗ ನನ್ನ ಹೆಂಡತಿ, ಯಾರನ್ನೂ ಉದ್ದೇಶಿಸದೆ, "ಮೌಸಿ ಮನೆ ಎಂಥದು?" ಎಂದಳು.

ಮಗಳು, "ಶೀಟು ಹೊದಿಸಿದ್ದು ಅಂತ ಹೇಳಿದ್ದಳಮ್ಮ" ಎಂದಳು.

"ಎಲ್ಲಿ?"

ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಆ ಮನೆಗೆ ಬಂದವಳು. ನಮ್ಮ ಮೊಮ್ಮಗನಿಗೆ ಯಾವ ಮಾತ್ರೆ ಕಹಿ ಎಂಬುದು ಅವಳಿಗೆ ಗೊತ್ತು. ರೈಲುದಾರಿಯ ಆಚೆ ಎಲ್ಲೋ ಎಂಬುದು ಮಾತ್ರ ನಮಗೆ ಗೊತ್ತು. ಅವಳ ನಂಬರು ಮಗಳ ಫೋನಿನಲ್ಲಿತ್ತು, ಫೋನು ಸತ್ತಿತ್ತು. ತಾರಸಿಯ ಮನೆಯಲ್ಲಿ, ಅವಳು ತುಂಬಿಸಿದ ನೀರನ್ನು ಕುಡಿಯುತ್ತ, ಅವಳು ಬಟ್ಟೆ ತುರುಕಿದ ಕಿಟಕಿಯ ಹಿಂದೆ ನಾವು ಸುಖವಾಗಿದ್ದೆವು. "ರಾತ್ರಿ ಇಲ್ಲೇ ಇದ್ದುಬಿಡು, ಮನೆಯವರನ್ನೂ ಕರೆದುಕೊಂಡು ಬಾ" ಎಂಬ ಒಂದು ಮಾತು ನಾಲ್ಕು ಜನ ದೊಡ್ಡವರಲ್ಲಿ ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

ಪಂಚತಂತ್ರದ ಕೊಳದಲ್ಲಿ ಬಿಟ್ಟುಹೋದದ್ದು ಏನೆಂದು ನನಗೆ ಆಗ ಹೊಳೆಯಿತು. ಅಲ್ಲಿ ನಾಲ್ಕನೆಯ ಮೀನೊಂದು ಇದ್ದಿರಬೇಕು. ಅದಕ್ಕೂ ಬೆಸ್ತರ ಮಾತು ಕೇಳಿಸಿತ್ತು. ಅದು ಮೂರ್ಖವಲ್ಲ, ಸೋಮಾರಿಯಲ್ಲ, ವಿಧಿಯ ಮೇಲೆ ಭಾರ ಹಾಕಿದ್ದೂ ಅಲ್ಲ. ಹೋಗಬೇಕೆಂದು ಅದಕ್ಕೂ ಆಸೆಯಿತ್ತು. ಆದರೆ ಬೇರೆ ನೀರಿಗೆ ಹೋಗುವ ಕಾಲುವೆ ಅದು ಇದ್ದ ಮೂಲೆಯವರೆಗೆ ಬಂದಿರಲಿಲ್ಲ. ಮರುದಿನ ಬಲೆಯಲ್ಲಿ ಅದೂ ಸತ್ತಿತು. ಕಥೆ ಹೇಳಿದವರು ಎಣಿಸುವಾಗ ಅದನ್ನು ಯದ್ಭವಿಷ್ಯನ ಲೆಕ್ಕಕ್ಕೆ ಸೇರಿಸಿಬಿಟ್ಟರು.

ನಾಲ್ಕನೆಯ ಮೀನು ನನ್ನ ಕಲ್ಪನೆಯಲ್ಲ. ೨೦೦೫ರ ಆಗಸ್ಟ್ ೨೯ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ ಕತ್ರೀನಾ ಎಂಬ ಚಂಡಮಾರುತ ಬಂತು. ಹಿಂದಿನ ದಿನವೇ ಊರು ಬಿಟ್ಟು ಹೋಗಿರೆಂದು ಆಜ್ಞೆಯಾಗಿತ್ತು. ಕಾರಿದ್ದವರು ಹೊರಟರು. ಕಾರಿಲ್ಲದವರು ಹೇಗೆ ಹೋಗಬೇಕೆಂದು ಆಜ್ಞೆಯಲ್ಲಿ ಸರಿಯಾಗಿ ಹೇಳಿರಲಿಲ್ಲ. ತಿಂಗಳ ಕೊನೆ ಬೇರೆ. ಬಡವರ ಕೈ ಬರಿದು. ಅಂಥವರು ಹತ್ತಾರು ಸಾವಿರ ಜನ ಉಳಿದರು. ಒಡ್ಡುಗಳು ಒಡೆದು ನೀರು ನುಗ್ಗಿತು. ಆಮೇಲೆ ಜಗತ್ತು ಕೇಳಿದ ಪ್ರಶ್ನೆ: "ಅವರು ಏಕೆ ಹೋಗಲಿಲ್ಲ?" ಕೆಲವರು ಸಾಕಿದ ನಾಯಿಯನ್ನು ಬಿಟ್ಟು ಬರಲಾರದೆ ಉಳಿದಿದ್ದರು, ಏಕೆಂದರೆ ಆಶ್ರಯದಲ್ಲಿ ನಾಯಿಗೆ ಜಾಗವಿರಲಿಲ್ಲ. ಇದನ್ನು ಹುಚ್ಚು ಎನ್ನುವುದು ಸುಲಭ. ಆ ದೇಶದವರು ಹಾಗೆನ್ನದೆ, ಮರುವರ್ಷವೇ ಸಾಕುಪ್ರಾಣಿಗಳ ರಕ್ಷಣೆಯನ್ನೂ ಯೋಜನೆಯಲ್ಲಿ ಸೇರಿಸಬೇಕೆಂದು ಕಾನೂನು ಮಾಡಿದರು. ಅದು ವಿವೇಕ.

೧೯೯೧ರ ಏಪ್ರಿಲ್ ೨೯ರ ರಾತ್ರಿ ಬಾಂಗ್ಲಾದೇಶದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚು. ಗಂಡ ಬರಲೆಂದು ಕಾದವರು; ಮಕ್ಕಳನ್ನು ಕಂಕುಳಿನಲ್ಲಿ ಹೊತ್ತು ಓಡಲಾರದವರು; ಪರಗಂಡಸರು ಕಿಕ್ಕಿರಿದ ಕೋಣೆಯಲ್ಲಿ ರಾತ್ರಿ ಕಳೆಯುವುದು ಹೇಗೆಂದು ಹಿಂಜರಿದವರು; ದನಕರು ಬಿಟ್ಟು ಹೊರಡಲು ಮನಸ್ಸು ಬಾರದವರು. ಎಚ್ಚರಿಕೆಯ ಕೂಗು ಅವರಲ್ಲಿ ಅನೇಕರಿಗೆ ಕೇಳಿಸಿಯೇ ಇತ್ತು. ಮುಂದೆ ಅಲ್ಲಿ ಹೆಂಗಸರಿಗೆ ಬೇರೆ ಕೋಣೆಯಿರುವ ಆಶ್ರಯಗಳನ್ನೂ, ದನಗಳಿಗೆ ನಿಲ್ಲಲು ಎತ್ತರದ ದಿಬ್ಬಗಳನ್ನೂ ಕಟ್ಟತೊಡಗಿದರು. ಅಂದರೆ ನಾಲ್ಕನೆಯ ಮೀನಿಗೆ ಕಾಲುವೆ ತೋಡಿದರು. "ಏಕೆ ಹೋಗಲಿಲ್ಲ?" ಎಂಬುದು ಎರಡನೆಯ ಪ್ರಶ್ನೆಯಾಗಬೇಕು. "ಯಾವ ದಾರಿಯಲ್ಲಿ, ಯಾರನ್ನು ಜೊತೆಗೆ ಕರೆದುಕೊಂಡು, ಎಲ್ಲಿಗೆ ಹೋಗಬೇಕಾಗಿತ್ತು?" ಎಂಬುದು ಮೊದಲನೆಯದು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಕಾಲುವೆ ತೋಡುವುದು ಸರಕಾರದ ಕೆಲಸ. ಗೃಹಸ್ಥ ತನ್ನ ಹೆಂಡತಿ ಮಕ್ಕಳನ್ನು ಕಾಪಾಡಿಕೊಂಡರೆ ಸಾಲದೆ? ಎರಡು ಕೋಣೆಯ ಮನೆಯಲ್ಲಿ ಊರನ್ನೆಲ್ಲ ತುಂಬಿಕೊಳ್ಳಲಾದೀತೆ? ಇಂದು ಮೌಸಿ, ನಾಳೆ ಹಾಲಿನವನು, ಹೂವಿನವಳು, ಕೊನೆಯೆಲ್ಲಿ? ತನ್ನವರಿಗೆ ಮೊದಲು ನೋಡಿಕೊಳ್ಳುವುದು ಸ್ವಾರ್ಥವಲ್ಲ, ಅದು ಅವನಿಗೆ ಒಪ್ಪಿಸಿರುವ ಕೆಲಸ. ಲೋಕಕ್ಕೆಲ್ಲ ಮರುಗುತ್ತ ಮನೆಯವರನ್ನು ನೀರಿಗೆ ಬಿಡುವವನು ದೊಡ್ಡ ಮನುಷ್ಯನೇನಲ್ಲ.

ಒಪ್ಪತಕ್ಕ ಮಾತು. ಸರಕಾರದ ಕೆಲಸವನ್ನು ಸರಕಾರವೇ ಮಾಡಬೇಕು. ಫಣಿಗೆ ಮೊದಲು ಒಡಿಶಾದಲ್ಲಿ ಹನ್ನೆರಡು ಲಕ್ಷದಷ್ಟು ಜನರನ್ನು ಸಾಗಿಸಿದ್ದು ಯಾವೊಬ್ಬ ಗೃಹಸ್ಥನ ಔದಾರ್ಯವೂ ಅಲ್ಲ. ವರ್ಷಗಟ್ಟಲೆ ನಡೆದ ಸಂಘಟಿತ ದುಡಿಮೆ. ಹಾಗಿದ್ದೂ ಆ ರಾಜ್ಯದಲ್ಲಿ ಅರವತ್ತನಾಲ್ಕು ಜನ ಸತ್ತರು. ಲಕ್ಷದ ಲೆಕ್ಕಕ್ಕೆ ಸಿಕ್ಕದೆ ಒಬ್ಬಿಬ್ಬರಾಗಿ ಉಳಿದುಹೋಗುವವರು ಎಲ್ಲ ಕಡೆಯೂ ಇರುತ್ತಾರೆ. ಅವರು ಸರಕಾರಕ್ಕೆ ಕಾಣದಿದ್ದರೂ ಯಾವುದಾದರೊಂದು ಮನೆಗೆ ಕಾಣುತ್ತಾರೆ.

ಇನ್ನು, ಕೊನೆಯೆಲ್ಲಿ ಎಂಬ ಪ್ರಶ್ನೆ. ನಮ್ಮ ಹಿರಿಯರು ಗೃಹಸ್ಥನಿಗೂ ಒಂದು ಪಟ್ಟಿ ಅಂಟಿಸಿದ್ದರು. ಪಂಚ ಮಹಾಯಜ್ಞವೆಂದು ಅದಕ್ಕೆ ಹೆಸರು. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ, ಭೂತಗಳಿಗೆ ಎಂದು ಐದು ಸಾಲು. ಅತಿಥಿಯೂ ಬಾಗಿಲ ಕಾಗೆಯೂ ನಾಯಿಯೂ ಅದರಲ್ಲಿ ಬರುತ್ತವೆ. ಇವರಿಗೆ ಸಲ್ಲಬೇಕಾದದ್ದು ಸಂದ ಮೇಲೆ ಯಜಮಾನನ ಊಟ. ಆಚರಣೆಯಲ್ಲಿ ಅದು ಒಂದು ಹಿಡಿ ಅನ್ನದ ಶಾಸ್ತ್ರವಾಗಿ ಉಳಿದಿರಬಹುದು. ಆದರೆ ಅದರ ಹಿಂದಿನ ಎಣಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮನೆ ಎಂದರೆ ಇಂತಿಷ್ಟು ತಲೆ ಎಂದು ಎಣಿಸಿ ಬಾಗಿಲು ಹಾಕಿಕೊಳ್ಳುವುದಲ್ಲ; ಈ ಮನೆಯ ಅನ್ನಕ್ಕೆ ಯಾರು ಯಾರು ಕಾರಣರೋ, ಯಾರ ಯಾರ ಋಣ ಈ ಒಲೆಯ ಮೇಲಿದೆಯೋ, ಅವರೆಲ್ಲ ಲೆಕ್ಕದಲ್ಲಿ ಬರಬೇಕು. ಊರನ್ನೆಲ್ಲ ತುಂಬಿಕೊಳ್ಳಿ ಎಂದು ಅದು ಹೇಳುವುದಿಲ್ಲ. ಯಾರ ಕೈ ಮನೆಯೊಳಗೆ ಆಡಿದೆಯೋ ಅವರನ್ನು ಮರೆಯಬೇಡ ಎನ್ನುತ್ತದೆ. ಅಷ್ಟರ ಮಟ್ಟಿಗೆ ಅದಕ್ಕೆ ಕೊನೆಯಿದೆ, ಮತ್ತು ಆ ಕೊನೆ ಎರಡು ಕೋಣೆಯ ಮನೆಯ ಶಕ್ತಿಗೆ ಮೀರಿದ್ದಲ್ಲ.

ಕರೆದಿದ್ದರೆ ಮೌಸಿ ಬರುತ್ತಿದ್ದಳೆ? ಬಹುಶಃ ಇಲ್ಲ. ಅವಳಿಗೂ ಒಂದು ಮನೆಯಿದೆ. ಅಲ್ಲಿ ಗಂಡ, ಸೊಸೆ, ಮೊಮ್ಮಗು. ಅವಳದೂ ಒಂದು ಪಟ್ಟಿ ಇದ್ದೀತು. "ಬೇಡ ದೀದಿ" ಎಂದು ನಕ್ಕು ಹೋಗುತ್ತಿದ್ದಳೇನೋ. ಆದರೆ ಬೇಡವೆನ್ನುವ ಹಕ್ಕು ಅವಳದು; ಕೇಳುವ ಕರ್ತವ್ಯ ನಮ್ಮದಾಗಿತ್ತು. ಅವಳ ಉತ್ತರವನ್ನು ನಾವೇ ಊಹಿಸಿಕೊಂಡು ಕೇಳದೆ ಇರುವುದು, ಅಂಗಡಿಯ ಮೆಟ್ಟಿಲಲ್ಲಿ ಆದಂತೆಯೇ, ಹೊಳೆಯಲಿಲ್ಲ ಎಂಬ ಮರೆಯಲ್ಲಿ ತಪ್ಪಿಸಿಕೊಳ್ಳುವುದು. ನಾವು ಮಾಡುವ ಕೆಡುಕಿನ ದೊಡ್ಡ ಪಾಲು ಹೀಗೆ ಹೊಳೆಯದೆ ಇದ್ದದ್ದರಿಂದಲೇ ಆಗುತ್ತದೆ ಎಂದು ನನಗೆ ಈಗೀಗ ತೋರುತ್ತದೆ. ಕ್ರೌರ್ಯಕ್ಕೆ ಬೇಕಾದ ಶಕ್ತಿ ನಮ್ಮಂಥ ಸಭ್ಯರಿಗಿಲ್ಲ. ಮರೆವು ನಮಗೆ ಸಾಕು. ಮುಂದಾಲೋಚನೆ ಎಂಬ ಗುಣದ ನಿಜವಾದ ಉಪಯೋಗ ಇಲ್ಲಿದೆ. ಪಟ್ಟಿ ಬರೆಯುವುದೇ ಹೊಳೆಯದಿರುವುದನ್ನು ಹೊಳೆಯಿಸಿಕೊಳ್ಳುವುದಕ್ಕೆ. ಬೆಂಕಿಪೊಟ್ಟಣವನ್ನು ಮರೆಯಬಾರದೆಂದು ಬರೆದವರು ಮನುಷ್ಯರನ್ನು ಮರೆಯಬಾರದೆಂದು ಬರೆಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಮೌಸಿ ಬಂದಳು. ಬಿದ್ದ ಮರಗಳನ್ನು ಹತ್ತಿ ಇಳಿದು, ಎರಡು ಗಂಟೆ ನಡೆದು ಬಂದಿದ್ದಳು. ಗುರುವಾರ ರಾತ್ರಿ ಯಾರೋ ಹುಡುಗರು ಬಂದು ಅವರ ಬೀದಿಯವರನ್ನೆಲ್ಲ ಶಾಲೆಯ ಕಟ್ಟಡಕ್ಕೆ ಕರೆದೊಯ್ದಿದ್ದರಂತೆ. ಎಲ್ಲರೂ ಕ್ಷೇಮ. ಮನೆಯ ಶೀಟು ಎಲ್ಲಿಗೆ ಹಾರಿತೋ ಸಿಕ್ಕಿಲ್ಲ. ಇದೆಲ್ಲ ನಾವು ಕೇಳಿದ ಮೇಲೆ ಹೇಳಿದ್ದು. ಬಾಗಿಲು ತೆರೆದೊಡನೆ ಅವಳು ಆಡಿದ ಮೊದಲ ಮಾತನ್ನು ಮಗಳು ನನಗೆ ಕನ್ನಡಿಸಿದಳು: "ಮೌಸಾ ಹೇಗಿದ್ದಾರೆ? ವಯಸ್ಸಾದವರು, ಹೆದರಿಕೊಂಡರೋ ಏನೋ ಅಂತ ಮೂರು ದಿನವೂ ಯೋಚನೆಯಾಗಿತ್ತು."

ಅವಳ ಪಟ್ಟಿಯಲ್ಲಿ ನಾನಿದ್ದೆ.

ಉಳಿದ ಹದಿನೇಳು ಬತ್ತಿಗಳನ್ನು ಅವಳಿಗೆ ಕೊಟ್ಟೆವು. ಅಳಿಯ ಶೀಟಿಗೆ ದುಡ್ಡು ಕೊಟ್ಟ. ಇದನ್ನು ಇಲ್ಲಿ ಬರೆಯುವುದು ನಮ್ಮ ಔದಾರ್ಯ ಸಾರುವುದಕ್ಕಲ್ಲ. ಗಾಳಿ ನಿಂತ ಮೇಲೆ ಕೊಡುವುದು ಎಷ್ಟು ಸುಲಭ ಎಂಬುದನ್ನು ಹೇಳಲು. ಅಂದು ಮಗಳು ಅವಳ ಜೊತೆಯಲ್ಲಿ ನಡೆದು ಹೋಗಿ ಅವಳ ಮನೆ ನೋಡಿ ಬಂದಳು, ನಾಲ್ಕು ವರ್ಷದಲ್ಲಿ ಮೊದಲ ಸಲ.

ಬೆಂಗಳೂರಿನಲ್ಲಿ ಕುಳಿತವರಿಗೆ ಇದೆಲ್ಲ ದೂರದ ಕಡಲಿನ ಮಾತೆನ್ನಿಸಬಹುದು. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಎದ್ದು ನಮ್ಮ ಮಂಗಳೂರು, ಉಡುಪಿ, ಕಾರವಾರದ ದಂಡೆಗಳನ್ನು ಕೊರೆದುಕೊಂಡು ಹೋಯಿತು. ೨೦೨೨ರ ಸೆಪ್ಟೆಂಬರಿನಲ್ಲಿ, ಕಡಲೇ ಇಲ್ಲದ ಬೆಂಗಳೂರಿನ ದೊಡ್ಡ ದೊಡ್ಡ ಬಡಾವಣೆಗಳ ಜನ ದೋಣಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಕುಳಿತು ಹೊರಬಂದರು. ಅದೇ ನೀರು ಕಾವಲುಗಾರನ ಶೆಡ್ಡಿಗೂ ನುಗ್ಗಿತ್ತು. ಬೆಸ್ತರು ಯಾವ ದಡದಲ್ಲಿ ಬೇಕಾದರೂ ನಿಲ್ಲಬಲ್ಲರು.

ನಮ್ಮ ಮನೆಯ ಅಡುಗೆಮನೆಯಲ್ಲಿಯೂ ಈಗ ಒಂದು ಪಟ್ಟಿ ಅಂಟಿಸಿದ್ದೇನೆ. ಟಾರ್ಚು, ಸೆಲ್ಲು, ನೀರು, ಮಾತ್ರೆ, ಎಲ್ಲ ಇದೆ. ಆದರೆ ಅದರ ಮೊದಲ ಮೂರು ಸಾಲುಗಳಲ್ಲಿ ಸಾಮಾನಿಲ್ಲ; ವಿಳಾಸಗಳಿವೆ. ಮನೆಕೆಲಸಕ್ಕೆ ಬರುವಾಕೆಯದು, ರಾತ್ರಿ ಗೇಟು ಕಾಯುವವನದು, ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ ಒಬ್ಬ ವೃದ್ಧೆಯದು. ಗೇಟು ಕಾಯುವವನ ವಿಳಾಸ ಕೇಳಿದಾಗ ಅವನು ಗಾಬರಿಯಾದ. "ಏನಾದರೂ ಕಳುವಾಯಿತೆ, ಸಾರ್?" ಎಂದು ಕೇಳಿದ.